ಮಿಸ್ಸಿಗೆ ಒಂದು ಜಾಸ್ತಿ

ನಮ್ಮ ಅಂಗನವಾಡಿಯಲ್ಲಿ ಪಂಚಾಯಿತಿ ಸೇರದ ದಿನವೇ ಇಲ್ಲ. ಕಕ್ಷಿದಾರರೆಲ್ಲ ಮೂರರಿಂದ ಐದು ವರ್ಷದವರು, ತೀರ್ಪು ಕೊಡುವವಳು ನಾನು. ಮೊಟ್ಟೆ ಕೊಡುವ ದಿನವಂತೂ ಗಲಾಟೆ ಜೋರು. ಮೊಟ್ಟೆ ತಿನ್ನದ ಮನೆಯ ಮಕ್ಕಳೂ ನಮ್ಮಲ್ಲಿದ್ದಾರೆ, ಅವರಿಗೆ ಎರಡೆರಡು ಏಲಕ್ಕಿ ಬಾಳೆಹಣ್ಣು. ಹಂಚಿ ಮುಗಿಯುವಷ್ಟರಲ್ಲಿ ಒಬ್ಬ ಎದ್ದು ನಿಂತು, "ಮಿಸ್, ಅವ್ನಿಗೆ ಎಲ್ಡು, ನಂಗೆ ಒಂದೇ" ಎಂದು ರಾಗ ಎಳೆಯುತ್ತಾನೆ. ಮೊಟ್ಟೆ ದಪ್ಪ ಕಣೋ, ಬಾಳೆಹಣ್ಣು ನೋಡು, ನಿನ್ನ ಬೆರಳಿನಷ್ಟಿದೆ ಎಂದರೆ ಒಪ್ಪುವ ಆಸಾಮಿಯಲ್ಲ. ಒಮ್ಮೆ ರೋಸಿಹೋಗಿ ಅವನ ಮೊಟ್ಟೆಯನ್ನು ದಾರದಲ್ಲಿ ಕೊಯ್ದು ಎರಡು ಹೋಳು ಮಾಡಿ ತಟ್ಟೆಗಿಟ್ಟೆ. ಮುಖ ಊರಗಲವಾಯಿತು. ಪಕ್ಕದವನಿಗೆ ತೋರಿಸಿ ತೋರಿಸಿ ತಿಂದ. ಮರುವಾರ ಉಳಿದವರೂ ತಮ್ಮ ಮೊಟ್ಟೆ ಜಾಸ್ತಿ ಮಾಡಿಕೊಡಿ ಎಂದು ಸಾಲಾಗಿ ನಿಂತರು.

ಆ ಕೊಯ್ಯುವ ಕೆಲಸ ನಮ್ಮ ಸಹಾಯಕಿಯ ತಲೆಗೆ ಬಂತು. ಆಕೆ ನನಗಿಂತ ಹತ್ತು ವರ್ಷ ಹಿರಿಯಳು. ಮಕ್ಕಳು ಅವಳನ್ನು ಅಜ್ಜಿ ಎನ್ನುತ್ತವೆ, ನಾನು ಅಕ್ಕ ಎನ್ನುತ್ತೇನೆ. ಆಕೆ ನನ್ನನ್ನು ಬೈಯುವಾಗ ಮಾತ್ರ ಟೀಚರ್ ಎನ್ನುತ್ತಾಳೆ.

ಕುಣಿಗಲ್ ಕೆರೆ ಏರಿಯ ಕಡೆಗೆ ಹೋಗುವ ಬೀದಿಯಲ್ಲಿ ನಮ್ಮ ಅಂಗನವಾಡಿ. ಒಂದು ಕೋಣೆ, ಒಂದು ಅಡುಗೆಮನೆ, ಗೋಡೆಯ ಮೇಲೆ ಆನೆ ಮತ್ತು ಇರುವೆಯ ಚಿತ್ರ. ದೊಡ್ಡದು ಚಿಕ್ಕದು ಕಲಿಸುವುದಕ್ಕೆ ಅದು. ಬರೆದ ಪುಣ್ಯಾತ್ಮ ಇರುವೆ ಕಾಣಿಸಲಿ ಎಂದು ಆನೆಯ ಅರ್ಧದಷ್ಟು ದಪ್ಪ ಬರೆದಿದ್ದಾನೆ.

ಜಾಸ್ತಿ ಕಡಿಮೆಯ ವಿಷಯದಲ್ಲಿ ಮಕ್ಕಳನ್ನು ಬೈಯುವ ಹಕ್ಕು ನನಗಿಲ್ಲ. ಗುಬ್ಬಿಯ ತವರಿನಲ್ಲಿ ನಾನು ಅಣ್ಣನ ಲೋಟದ ಪಕ್ಕ ನನ್ನ ಲೋಟ ಇಟ್ಟು, ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ, ಆಮೇಲೆ ಹಾಲು ಕುಡಿಯುತ್ತಿದ್ದವಳು. ಅಣ್ಣ ಕಿಲಾಡಿ. ಉದ್ದನೆಯ ಸಣಕಲು ಲೋಟವನ್ನು ನನಗೆ ಬಿಟ್ಟುಕೊಟ್ಟು ತಾನು ಅಗಲ ಬಟ್ಟಲಿನಲ್ಲಿ ಕುಡಿಯುತ್ತಿದ್ದ. ನನ್ನ ಹಾಲು ಎತ್ತರದಲ್ಲಿ ಇತ್ತಲ್ಲ, ನನಗೇ ಜಾಸ್ತಿ ಎಂದು ನಾನು ಹಿಗ್ಗುತ್ತಿದ್ದೆ. ಒಂದು ದಿನ ಅಮ್ಮ ಅಣ್ಣನ ಬಟ್ಟಲಿನ ಹಾಲನ್ನು ಅವನ ಮುಂದೆಯೇ ನನ್ನ ಖಾಲಿ ಲೋಟಕ್ಕೆ ಸುರಿದಾಗ ಅದು ತುಂಬಿ ನೆಲಕ್ಕೆ ಚೆಲ್ಲಿತು. ಎಷ್ಟು ವರ್ಷದ ಹಾಲು ಹೋಯಿತು ಎಂದು ಲೆಕ್ಕ ಹಾಕಿ ಅತ್ತೆ. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ, ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಯಾರಾದರೂ ಯಾರಿಗಾದರೂ ಕಡಿಮೆ ಕೊಟ್ಟರು ಎಂಬ ವಾಸನೆ ಬಡಿದರೆ ನಾನು ಹಿಂದೆ ಮುಂದೆ ನೋಡುವವಳಲ್ಲ.

ತುಮಕೂರಿನಲ್ಲಿ ನಮಗೆಲ್ಲ ಆಗಾಗ ಟ್ರೈನಿಂಗ್ ಇರುತ್ತದೆ. ಹೋದ ಸಲದ ಟ್ರೈನಿಂಗ್‌ನಲ್ಲಿ ಚಿಕ್ಕ ವಯಸ್ಸಿನ ಒಬ್ಬ ಮೇಡಂ ಬಣ್ಣದ ಪ್ಲಾಸ್ಟಿಕ್ ಗುಂಡುಗಳನ್ನು ಮೇಜಿನ ಮೇಲೆ ಸುರಿದು, ಮಕ್ಕಳಿಗೆ ಎಣಿಸುವುದಕ್ಕೆ ಬರುವ ಮುಂಚೆಯೇ ಹೋಲಿಸುವುದಕ್ಕೆ ಬರುತ್ತದೆ, ನೂರರ ತನಕ ಬಾಯಿಪಾಠ ಮಾಡಿಸಬೇಡಿ, ಮೊದಲು ಜೋಡಿ ಹಾಕಿಸಿ ಎಂದರು. ನಿಂದೊಂದು, ನಂದೊಂದು ಎಂದು ಎದುರು ಬದುರು ಇಡುತ್ತಾ ಹೋಗಬೇಕು. ಜೋಡಿಯಿಲ್ಲದೆ ಒಂಟಿ ಉಳಿದದ್ದು ಯಾರ ಕಡೆಯೋ ಅವರಿಗೆ ಜಾಸ್ತಿ. ಎಷ್ಟು ಸುಲಭ ನೋಡಿ ಎಂದು ನಾವೆಲ್ಲ ತಲೆದೂಗಿದೆವು. ಮಧ್ಯಾಹ್ನ ಊಟಕ್ಕೆ ಹೋಳಿಗೆ ಇತ್ತು. ಪಕ್ಕದ ಎಲೆಯ ಹೋಳಿಗೆ ದೊಡ್ಡದೋ ತಮ್ಮದು ದೊಡ್ಡದೋ ಎಂದು ನಲವತ್ತು ದಾಟಿದ ಹೆಂಗಸರು ಓರೆಗಣ್ಣಲ್ಲಿ ನೋಡಿದ್ದೇ ನೋಡಿದ್ದು. ನಾನೂ ನೋಡಿದೆ. ನನ್ನದು ಚಿಕ್ಕದಿತ್ತು.

ಇಷ್ಟೆಲ್ಲ ಬಲ್ಲವಳು ಎಂಬ ಜಂಬದಲ್ಲಿ ನಾನಿದ್ದಾಗ ಈ ಹುಡುಗಿಯ ಪ್ರಕರಣ ಬಂತು.

ಹುಡುಗಿಗೆ ನಾಲ್ಕು ವರ್ಷ. ತಾಯಿ ಹುಲಿಯೂರುದುರ್ಗದ ಕಡೆಯವಳು, ಕುಣಿಗಲ್ ಬಸ್‌ಸ್ಟ್ಯಾಂಡ್ ಹತ್ತಿರ ಬುಟ್ಟಿ ಇಟ್ಟುಕೊಂಡು ಹುರಿದ ಕಡಲೆಕಾಯಿ ಮಾರುತ್ತಾಳೆ. ತಂದೆ ಲಾರಿಯ ಮೇಲೆ ಹೋದರೆ ವಾರಕ್ಕೊಮ್ಮೆ ಮನೆ. ಇವಳಿಗಿಂತ ಎರಡು ವರ್ಷ ದೊಡ್ಡ ಅಣ್ಣನೊಬ್ಬ ಇದ್ದಾನೆ, ನಮ್ಮೂರಿನದೇ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಾನೆ. ಮಗಳನ್ನೂ ಅಲ್ಲಿಗೇ ಎಲ್‌ಕೆಜಿಗೆ ಹಾಕಬೇಕೆಂದು ತಾಯಿಯ ಆಸೆ. ಅಲ್ಲಿ ಮಕ್ಕಳಿಗೆ ಇಂಟರ್‌ವ್ಯೂ ಇರುತ್ತದೆ. ಹೋದಳು, ಬಂದಳು, ಸೀಟು ಸಿಗಲಿಲ್ಲ.

ಮಾರನೆಯ ದಿನ ತಾಯಿ ಮಗಳ ಕೈ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದು ನಿಂತಳು.

"ಜಾಸ್ತಿ ಕಡ್ಮೆನೇ ಗೊತ್ತಾಗಕಿಲ್ವಂತೆ ಟೀಚರ್ ಇವ್ಳಿಗೆ. ಮಣಿ ಕೊಟ್ಟು ಇಬ್ರಿಗೂ ಸಮ ಹಂಚು ಅಂದ್ರಂತೆ. ಇವ್ಳು ಆ ಮಿಸ್‌ಗೆ ಜಾಸ್ತಿ ಕೊಟ್ಬುಟ್ಟವ್ಳೆ. ಯಾಕೆ ಅಂದ್ರೆ ಬಾಯೇ ಬುಟ್ಟಿಲ್ಲ."

"ಈಗೇನಂತೆ?"

"ಹದಿನೈದ್ ದಿನ ಬುಟ್ಟು ಇನ್ನೊಂದ್ ಸಲ ನೋಡ್ತೀವಿ, ಆಗ್ಲೂ ಆಗ್ದಿದ್ರೆ ಮುಂದಿನ್ ವರ್ಷ ಬನ್ನಿ ಅಂದ್ರು." ಸೆರಗಿನಲ್ಲಿ ಮೂಗು ಒರೆಸಿಕೊಂಡು ಮುಂದುವರಿಸಿದಳು. "ನಂಗೂ ಹಿಂಗೇ ಅಂದಿದ್ರು ಟೀಚರ್. ಮೂರ್ನೇ ಕ್ಲಾಸಲ್ಲಿ ದಡ್ಡಿ ಅಂದ್ರು. ದಿನಾ ಅಂದ್ರು. ನಾನೂ ಹೂಂ ಅನ್ಕಂಡು ಸ್ಕೂಲ್ ಬುಟ್ಬುಟ್ಟೆ. ಇವ್ಳಿಗೆ ನಾಕ್ ವರ್ಷಕ್ಕೇ ಅಂದ್ಬುಟ್ರಲ್ಲ."

ನಿಜ ಹೇಳಬೇಕೆಂದರೆ ಈ ಹುಡುಗಿ ಕಾನ್ವೆಂಟಿಗೆ ಹೋದರೆ ನಷ್ಟ ನನಗೇ. ಹಾಜರಿ ಕಡಿಮೆಯಾದರೆ ಮೇಲಿನವರು ಕೇಳುವುದು ನನ್ನನ್ನು. ಆದರೆ ನನ್ನ ಕೈಕೆಳಗೆ ಒಂದು ವರ್ಷ ಕಲಿತ ಮಗುವಿಗೆ ಜಾಸ್ತಿ ಕಡಿಮೆ ಗೊತ್ತಿಲ್ಲ ಎಂದು ಯಾರೋ ಹೇಳಿ ಕಳಿಸುವುದೆಂದರೆ ಏನು? ಮಗುವಿನ ಮೇಲಿನ ಪ್ರೀತಿ ಎಷ್ಟು, ನನ್ನ ಮಾನದ ಪ್ರಶ್ನೆ ಎಷ್ಟು ಎಂದು ಆವತ್ತು ಅಳೆದಿದ್ದರೆ ಎರಡನೆಯದೇ ತೂಗುತ್ತಿತ್ತೇನೋ. "ಹದಿನೈದು ದಿನ ನಂಗೆ ಬಿಡಿ" ಎಂದು ತಾಯಿಯನ್ನು ಕಳಿಸಿದೆ.

ಅವತ್ತೇ ಹುಣಸೆ ಬೀಜದ ಡಬ್ಬಿ ತೆಗೆದೆ. ಐದು ಬೀಜ ಒತ್ತೊತ್ತಾಗಿ ಒಂದು ಸಾಲು, ಐದು ಬೀಜ ದೂರ ದೂರ ಇನ್ನೊಂದು ಸಾಲು. ಯಾವುದರಲ್ಲಿ ಜಾಸ್ತಿ? ಈ ಬಲೆಗೆ ಬೀಳದ ಮಕ್ಕಳಿಲ್ಲ. ಉದ್ದ ಇರುವ ಸಾಲನ್ನೇ ತೋರಿಸುತ್ತವೆ. ಸುತ್ತ ಕುಳಿತಿದ್ದ ಏಳೆಂಟು ಮಕ್ಕಳೂ ಉದ್ದನೆಯ ಸಾಲಿಗೇ ಬೆರಳಿಟ್ಟವು. ಈ ಹುಡುಗಿ ಮಾತ್ರ ಬಗ್ಗಿ, ಎರಡು ಕೈಯ ಒಂದೊಂದು ಬೆರಳನ್ನು ಎರಡು ಸಾಲಿನ ಮೇಲೂ ಒಟ್ಟಿಗೆ ಓಡಿಸಿದಳು. "ಎಲ್ಡೂ ಒಂದೇಯ" ಎಂದಳು. ನಾನು ದಂಗಾದೆ. ಇದನ್ನು ಇವಳಿಗೆ ಹೇಳಿಕೊಟ್ಟ ನೆನಪು ನನಗೇ ಇರಲಿಲ್ಲ, ಟ್ರೈನಿಂಗ್ ಆದ ಮೇಲೆ ಒಂದೆರಡು ಸಲ ಜೋಡಿ ಹಾಕಿಸಿದ್ದೆನಷ್ಟೆ.

ಸರಿ, ಇನ್ನು ಹಂಚುವುದು ನೋಡೋಣ ಎಂದು ಡಬ್ಬಿಯನ್ನು ಅವಳ ಮುಂದಿಟ್ಟೆ. "ನಂಗೂ ನಿಂಗೂ ಸಮ ಹಾಕು."

ನಿಮ್ಗೊಂದು, ನಂಗೊಂದು ಎಂದು ಶುರು ಮಾಡಿದಳು. ಎರಡು ಕಡೆಯೂ ಐದೈದು ಆಯಿತು. ಅಲ್ಲಿಗೆ ನಿಲ್ಲಿಸಿ ಕೈ ಒರೆಸಿಕೊಂಡಳು. ಆಮೇಲೆ ಡಬ್ಬಿಯಿಂದ ಇನ್ನೊಂದು ಬೀಜ ತೆಗೆದು ನನ್ನ ಕಡೆಗಿಟ್ಟಳು.

"ಈಗ ಯಾರ ಹತ್ರ ಜಾಸ್ತಿ?"

"ನಿಮ್ಮತ್ರ."

"ಸಮ ಹಾಕು ಅಂದ್ನಲ್ಲ ನಾನು?"

ತಲೆ ತಗ್ಗಿಸಿ ಲಂಗದ ಅಂಚು ಹಿಡಿದುಕೊಂಡಳು.

ನಾಲ್ಕು ದಿನ ಇದೇ ಕಥೆ. ಎರಡು ಗೊಂಬೆ ಕೂರಿಸಿ ಹಂಚು ಎಂದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಕ್ಕನಿಗೂ ನನಗೂ ಹಂಚು ಎಂದರೂ ಸಮ. ಗೆಳತಿಗೂ ನಿನಗೂ ಎಂದರೆ ಗೆಳತಿಗೆ ಒಂದು ಜಾಸ್ತಿ. ಅಕ್ಕನಿಗೂ ನಿನಗೂ ಎಂದರೆ ಅಕ್ಕನಿಗೆ ಒಂದು ಜಾಸ್ತಿ. ಬೀಜ ಬಿಟ್ಟು ಬೆಂಡೆಕಾಯಿ ತೊಟ್ಟು ಕೊಟ್ಟೆ, ಬಾಟಲಿ ಮುಚ್ಚಳ ಕೊಟ್ಟೆ. ತನ್ನ ಪಾಲು ಇದ್ದಲ್ಲೆಲ್ಲ ಎದುರಿನವರಿಗೆ ಒಂದು ಜಾಸ್ತಿ, ತನಗೆ ಒಂದು ಕಡಿಮೆ. ಬುದ್ಧಿ ಸರಿಯಾಗಿದೆ. ಹಾಗಾದರೆ ಕೆಟ್ಟಿರುವುದು ಏನು?

ನನ್ನ ತಲೆ ನೆಟ್ಟಗೆ ಗುಬ್ಬಿಯ ಅಡುಗೆಮನೆಗೆ ಓಡಿತು. ಮನೆಯಲ್ಲಿ ಅಣ್ಣ ಇದ್ದಾನೆ. ಅಣ್ಣನಿಗೆ ಜಾಸ್ತಿ, ಇವಳಿಗೆ ಕಡಿಮೆ. ಮುದ್ದೆಯಲ್ಲಿ, ಹಾಲಿನಲ್ಲಿ, ಎಲ್ಲದರಲ್ಲಿ. ಕಡಿಮೆ ತೆಗೆದುಕೊಳ್ಳುವುದೇ ಸಮ ಎಂದು ಈ ಮಗು ಕಲಿತುಬಿಟ್ಟಿದೆ. ಹೀಗೆ ಯೋಚಿಸಿದಷ್ಟೂ ನನಗೆ ಮೈಯುರಿಯಿತು. ಅಕ್ಕನಿಗೆ ಹೇಳಿದೆ.

"ನಿಮ್ಗೆ ಯಾರ್ ಹೇಳಿದ್ರು ಟೀಚರ್?" ಎಂದಳು ಅಕ್ಕ, ಅಕ್ಕಿ ಆರಿಸುತ್ತಾ.

"ಯಾರು ಹೇಳ್ಬೇಕು? ಕಣ್ಣಿಗೆ ಕಾಣ್ತಿದೆಯಲ್ಲ."

"ಹೂಂ, ಕಾಣ್ತದೆ ಕಾಣ್ತದೆ" ಎಂದು ಮತ್ತೆ ಅಕ್ಕಿಗೆ ಮುಖ ತಗ್ಗಿಸಿದಳು.

ಭಾನುವಾರ ಗುಬ್ಬಿಗೆ ಹೊರಟಿದ್ದೆ. ಅಮ್ಮನಿಗೆ ಮೊಣಕಾಲು ನೋವು, ನೋಡಿ ಬರಬೇಕಿತ್ತು. ತುಮಕೂರು ಬಸ್ ಹತ್ತುವ ಮುಂಚೆ ಕಡಲೆಕಾಯಿ ಬುಟ್ಟಿಯ ಮುಂದೆ ಹೋಗಿ ನಿಂತೆ. ತಾಯಿ ಎದ್ದು ನಿಂತು ನಗುತ್ತಾ "ಬನ್ನಿ ಟೀಚರ್" ಎಂದಳು. ಹುಡುಗಿ ಬುಟ್ಟಿಯ ಆ ಬದಿಯಲ್ಲಿ ಗೋಣಿಚೀಲದ ಮೇಲೆ ಕುಳಿತಿದ್ದಳು. ನಾನು ನಗಲಿಲ್ಲ.

"ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಮನೇಲಿ ಇವ್ಳಿಗೂ ಅಣ್ಣಂಗೂ ಒಂದೇ ಸಮ ಬಡಿಸ್ತೀರೋ ಇಲ್ವೋ?"

ಅವಳ ನಗು ಅಲ್ಲೇ ನಿಂತುಹೋಯಿತು. "ಯಾಕ್ ಟೀಚರ್ ಹಿಂಗಂತೀರಾ?"

"ತನಗೆ ಯಾವಾಗ್ಲೂ ಒಂದು ಕಡ್ಮೆ ಇಟ್ಕೊಳ್ತಾಳೆ. ಎಲ್ಲಿಂದ ಬಂತು ಆ ಬುದ್ಧಿ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಹೆಬ್ಬೂರಿನ ಕಡೆಯ ಬಸ್ಸಿನಿಂದ ಇಳಿದ ಒಬ್ಬ ಮುದುಕಪ್ಪ ಬುಟ್ಟಿಯ ಮುಂದೆ ಬಂದು, ಒಂದು ಪಾವು ಕೊಡವ್ವ ಎಂದ. ತಾಯಿ ನನ್ನ ಮೇಲಿನ ಕಣ್ಣು ತೆಗೆಯದೆಯೇ ಪಾವಿನ ಡಬ್ಬಿಯನ್ನು ಕಡಲೆಕಾಯಿಯಲ್ಲಿ ಅದ್ದಿ, ಅಂಗೈಯಲ್ಲಿ ಮೇಲ್ಮೈ ಸವರಿ, ಪೇಪರ್ ಪೊಟ್ಟಣಕ್ಕೆ ಸುರಿದಳು. ಪೊಟ್ಟಣ ಮಡಚಲಿಲ್ಲ. ಹಾಗೇ ಮಗಳ ಕಡೆಗೆ ಹಿಡಿದಳು. ಹುಡುಗಿ ಬುಟ್ಟಿಯಲ್ಲಿ ಹುಡುಕಿ ಒಂದು ದಪ್ಪ ಕಾಯಿ ಆರಿಸಿ ಪೊಟ್ಟಣದ ಮೇಲೆ ಇಟ್ಟಳು. "ಕೊಸ್ರು" ಎಂದಳು. ಮುದುಕಪ್ಪ "ನಿನ್ ಕೈ ದೊಡ್ಡದು ಕಣವ್ವ" ಎಂದು ಅವಳ ತಲೆ ಸವರಿ ಪೊಟ್ಟಣ ತೆಗೆದುಕೊಂಡು ಹೋದ.

ನಾನು ನಿಂತಲ್ಲೇ ನಿಂತೆ. ಸೊಪ್ಪಿನವಳ ಹತ್ತಿರ, ಹೂವಿನವಳ ಹತ್ತಿರ, ಅವರೆಕಾಯಿಯವಳ ಹತ್ತಿರ ಅಳೆದು ಕೊಟ್ಟ ಮೇಲೂ ಕೊಸರು ಹಾಕು, ಕೊಸರು ಹಾಕು ಎಂದು ಜಗಳ ಆಡಿ ಮೇಲಿನದೊಂದಿಷ್ಟು ಕಸಿದು ತರುವವಳು ನಾನು. ಇಷ್ಟು ವರ್ಷ ತೆಗೆದುಕೊಳ್ಳುವ ಕಡೆಯಲ್ಲೇ ನಿಂತಿದ್ದರಿಂದ ಕೊಡುವ ಕಡೆ ಕುಳಿತ ಮಗುವಿಗೆ ಸಮ ಎಂದರೆ ಏನು ಎಂದು ಹೊಳೆಯಲೇ ಇಲ್ಲ. ಅಳತೆ ಸಮ ಮಾಡುವುದು ಮೊದಲು, ಆಮೇಲೆ ಎದುರಿನವರಿಗೆ ಒಂದು. ಅಲ್ಲಿಗೆ ವ್ಯಾಪಾರ ಪೂರ್ತಿಯಾಯಿತು. ನಡುವೆ ನಿಲ್ಲಿಸಿದರೆ ಅವಳ ಲೆಕ್ಕದಲ್ಲಿ ಅದು ಅರ್ಧ ಕೆಲಸ.

"ತಪ್ಪಾಯ್ತು ಕಣಮ್ಮ" ಎಂದೆ. ಯಾಕೆ ತಪ್ಪು ಎಂದು ಬಿಡಿಸಿ ಹೇಳಿದೆ. ಅವಳು ಮೊದಲು ಬೆಪ್ಪಾಗಿ ಕೇಳಿ, ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಅವಳ ಮುಖದಲ್ಲಿ ದಿಗಿಲು ಕಂಡಿತು. "ಆ ಮಿಸ್‌ಗೆ ಇದ್ನೆಲ್ಲ ಯಾರ್ ಹೇಳಾರು ಟೀಚರ್? ಅಲ್ಲಿ ಮತ್ತೆ ಹಂಗೇ ಮಾಡ್ಬುಟ್ರೆ?"

"ಮಾಡದ ಹಾಗೆ ನಾನು ಕಲಿಸ್ತೀನಿ."

"ಹಾಕ್ಬ್ಯಾಡ ಅಂತ ಹೇಳ್ಕೊಡ್ತೀರಾ?"

"ಸ್ಕೂಲಲ್ಲಿ ಮಾತ್ರ."

ಅವಳು ನನಗೂ ಒಂದು ಪಾವು ಅಳೆದಳು. ಹುಡುಗಿ ನನ್ನ ಪೊಟ್ಟಣಕ್ಕೆ ಒಂದು ಕಾಯಿ ಹಾಕಿದಳು. ನಾನು ಬೇಡ ಎನ್ನಲಿಲ್ಲ.

ಗುಬ್ಬಿಯಲ್ಲಿ ಕಾಲಿಗೆ ಎಣ್ಣೆ ತಿಕ್ಕುತ್ತಾ ಅಮ್ಮನಿಗೆ ಈ ಕಥೆ ಹೇಳಿದೆ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, "ಆ ಮಗೀಗೆ ನೀನು ಪಾಠ ಹೇಳ್ಕೊಡ್ತೀಯಾ? ಚೆನ್ನಾಗದೆ ಬುಡು" ಎಂದಳು. ಪಕ್ಕದ ಕೋಣೆಯಿಂದ ಅಣ್ಣ ಕೇಳಿಸಿಕೊಂಡು ನಕ್ಕ. ಅವನ ನಗು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಸೋಮವಾರದಿಂದ ತಾಲೀಮು ಶುರು. "ಸ್ಕೂಲಲ್ಲಿ ಕೊಸರು ಇಲ್ಲ ಪುಟ್ಟಿ. ಸಮ ಆದ ಮೇಲೆ ಕೈ ಹಿಂದೆ ಕಟ್ಕೋಬೇಕು" ಎಂದೆ. ಹುಡುಗಿ ಹೂಂ ಎಂದಳು. ಐದೈದು ಹಂಚಿದಳು, ಬಲಗೈ ತಾನಾಗಿ ಡಬ್ಬಿಯ ಕಡೆ ಹೋಯಿತು. ನಾನು ಕೆಮ್ಮಿದೆ. ಕೈ ಹಿಂದಕ್ಕೆ ಬಂತು. ಮರುದಿನ ಕೆಮ್ಮು ಬೇಕಾಗಲಿಲ್ಲ. ಹಂಚಿದ ತಕ್ಷಣ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಮುಖ ನೋಡುತ್ತಿದ್ದಳು, ಏನೋ ಮರೆತು ಬಂದವರ ಹಾಗೆ. ಜೋಡಿ ಹಾಕುವುದನ್ನೂ ಇನ್ನಷ್ಟು ಮಾಡಿಸಿದೆ. ಎದುರು ಬದುರು ಇಟ್ಟು, ಒಂಟಿ ಉಳಿದದ್ದನ್ನು ಬೇರೆ ಮಾಡಿ, ಇಷ್ಟು ಜಾಸ್ತಿ ಎಂದು ತೋರಿಸುವುದರಲ್ಲಿ ಅವಳು ಎಷ್ಟು ಪಳಗಿದಳೆಂದರೆ ಊಟದ ಹೊತ್ತಿನಲ್ಲಿ ಮೊಟ್ಟೆ ಬಾಳೆಹಣ್ಣಿನ ವ್ಯಾಜ್ಯಗಳನ್ನು ಅವಳೇ ಬಗೆಹರಿಸಲು ಶುರು ಮಾಡಿದಳು. ನನಗೆ ಖುಷಿಯೋ ಖುಷಿ.

ಅಕ್ಕನಿಗೆ ಮಾತ್ರ ಸಮಾಧಾನವಿರಲಿಲ್ಲ. "ಕೊಡೋ ಮಗೀನ ಕೈ ಕಟ್ಟಾಕ್ತಾ ಇದೀರಲ್ಲ ಟೀಚರ್" ಎಂದಳು ಒಂದು ಮಧ್ಯಾಹ್ನ. "ಸೀಟು ಬೇಡ್ವಾ ಹಾಗಾದ್ರೆ?" ಎಂದು ರೇಗಿದೆ. ಆಕೆ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನಾನು ಗೆದ್ದ ಹಾಗೆ ಬೀಗಿದೆ.

ಇಂಟರ್‌ವ್ಯೂ ದಿನ ತಾಯಿ ಬುಟ್ಟಿಯನ್ನು ಪಕ್ಕದ ಟೀ ಅಂಗಡಿಯಲ್ಲಿಟ್ಟು, ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದಳು. ಹುಡುಗಿಗೆ ಎರಡು ಜಡೆ, ಕೆಂಪು ಟೇಪು. ಒಳಗೆ ಮಗುವಿನ ಜೊತೆ ಒಬ್ಬರು ಬರಬಹುದು ಎಂದರು. ತಾಯಿ ಬೆಂಚಿನಿಂದ ಏಳಲೇ ಇಲ್ಲ.

"ನೀವೇ ಹೋಗಿ ಟೀಚರ್. ಅವ್ರು ಇಂಗ್ಲೀಷಲ್ಲಿ ಏನಾರ ಕೇಳ್ಬುಟ್ರೆ ನಂಗೆ ಕೈಕಾಲೇ ಆಡಕಿಲ್ಲ. ಈ ಸಲನೂ ಆಗ್ಲಿಲ್ಲ ಅಂದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು.

ಒಳಗಿದ್ದವರು ಹೋದ ಸಲದ ಮಿಸ್ಸೇ. ಮೂವತ್ತರ ಒಳಗಿನವರು, ಬೆಳಗಿನಿಂದ ಮಕ್ಕಳನ್ನು ನೋಡಿ ನೋಡಿ ಸುಸ್ತಾಗಿದ್ದರು. ಹೆಸರು ಕೇಳಿದರು, ಬಣ್ಣ ಕೇಳಿದರು, ಹುಡುಗಿ ಪಟಪಟ ಹೇಳಿದಳು. ಆಮೇಲೆ ಹತ್ತು ಮಣಿಗಳನ್ನು ಮೇಜಿನ ಮೇಲೆ ಹಾಕಿದರು. "ನಂಗೂ ನಿಂಗೂ ಸಮ ಮಾಡು ನೋಡೋಣ."

ನಿಮ್ಗೊಂದು, ನಂಗೊಂದು. ಐದು, ಐದು. ಎರಡೂ ಕೈ ಬೆನ್ನ ಹಿಂದೆ ಹೋದವು.

"ಯಾರ ಹತ್ರ ಜಾಸ್ತಿ?"

"ಇಬ್ರಿಗೂ ಒಂದೇ."

"ವೆರಿ ಗುಡ್" ಎಂದು ಮಿಸ್ ಹಾಳೆಯ ಮೇಲೆ ಏನೋ ಗುರುತು ಹಾಕಿದರು. ನನಗೆ ಉಸಿರು ಬಂತು. "ಆಯ್ತು, ನೀವು ಹೋಗಿ. ಫೋನ್ ಮಾಡ್ತೀವಿ" ಎಂದರು. ಫೋನ್ ಮಾಡುತ್ತೇವೆ ಎಂದರೆ ಏನರ್ಥ, ಹೌದೋ ಅಲ್ಲವೋ ಎಂದು ಕೇಳುವ ಆಸೆಯನ್ನು ನುಂಗಿಕೊಂಡು ಹುಡುಗಿಯ ಕೈ ಹಿಡಿದು ಎದ್ದೆ.

ಬಾಗಿಲ ತನಕ ಬಂದ ಹುಡುಗಿ ಕೈ ಬಿಡಿಸಿಕೊಂಡು ವಾಪಸ್ ಓಡಿದಳು. ತನ್ನ ಐದರಲ್ಲಿ ಒಂದು ಮಣಿ ಆರಿಸಿ ಮಿಸ್ಸಿನ ಮಣಿಗಳ ಜೊತೆಗಿಟ್ಟಳು.

ಇಷ್ಟು ದಿನದ ತಾಲೀಮು ನೀರಿಗೆ ಹೋಯಿತು ಎಂದುಕೊಂಡೆ. ಹೊರಗೆ ಬೆಂಚಿನ ಮೇಲೆ ಕುಳಿತವಳಿಗೆ ಯಾವ ಮುಖ ತೋರಿಸಲಿ ಎಂದುಕೊಂಡೆ. ಮಿಸ್ ಪೆನ್ನು ಕೆಳಗಿಟ್ಟರು.

"ಈಗ ಯಾರ ಹತ್ರ ಜಾಸ್ತಿ ಇದೆ ಪುಟ್ಟಾ?"

"ನಿಮ್ಮತ್ರ."

"ಎಷ್ಟು ಜಾಸ್ತಿ?"

ಒಂದು ಎನ್ನುತ್ತಾಳೆ ಎಂದು ನಾನು ಖಂಡಿತವಾಗಿ ತಿಳಿದಿದ್ದೆ. ಒಂದು ಕೊಟ್ಟಿದ್ದಾಳೆ, ಒಂದು ಎನ್ನುತ್ತಾಳೆ. ಗಾಬರಿಯಲ್ಲಿ ನನಗೂ ಒಂದು ಎಂದೇ ತೋರಿತ್ತು. ಹುಡುಗಿ ಮೇಜಿನ ಅಂಚಿಗೆ ಗಲ್ಲ ಊರಿ ಮಣಿಗಳನ್ನು ಎದುರು ಬದುರು ಜೋಡಿಸಿದಳು. ನಾಲ್ಕು ಜೋಡಿ ಆದವು. ಉಳಿದ ಎರಡನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು.

"ಎಲ್ಡು. ಈ ಎಲ್ಡಕ್ಕೆ ಜೋಡಿ ಇಲ್ಲ."

ಮಿಸ್ ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಸಮ ಇತ್ತಲ್ಲ? ಮತ್ಯಾಕೆ ನಿಂದೂ ನಂಗೆ ಕೊಟ್ಟೆ?"

ಹುಡುಗಿ ನನ್ನ ಕಡೆ ನೋಡಿದಳು. ಆ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಳ್ಳತನದಲ್ಲಿ ಸಿಕ್ಕಿಬಿದ್ದವರ ನೋಟ ಅದು, ಅದನ್ನು ಅವಳಿಗೆ ಕಲಿಸಿದವಳು ನಾನೇ. ಇದ್ದಬದ್ದ ಶಾಲೆಗಳೆಲ್ಲ ಹಾಳಾಗಿಹೋಗಲಿ ಎನಿಸಿತು. "ಹೇಳು ಪುಟ್ಟಿ, ಪರ್ವಾಗಿಲ್ಲ" ಎಂದೆ.

"ಕೊಸ್ರು ಹಾಕಿದ್ರೆ ಮತ್ತೆ ಬತ್ತಾರೆ" ಎಂದಳು ಹುಡುಗಿ. ಮಿಸ್ಸಿಗೆ ಅರ್ಥವಾಗಲಿಲ್ಲವೇನೋ ಎಂದು ಇನ್ನಷ್ಟು ಹತ್ತಿರ ಹೋಗಿ ಬಿಡಿಸಿ ಹೇಳಿದಳು. "ನಾನ್ ಮತ್ತೆ ಬರ್ಬೇಕಲ್ಲ ಇಲ್ಲಿಗೆ. ಅದ್ಕೆ."

ಮಿಸ್ ಕನ್ನಡಕ ತೆಗೆದು ದುಪಟ್ಟಾದ ತುದಿಯಲ್ಲಿ ಒರೆಸಿದರು. ನನ್ನ ಕಡೆ ತಿರುಗಿ, "ತಾಯಿ ಏನ್ ಮಾಡ್ತಾರೆ?" ಎಂದರು. ಹೇಳಿದೆ. ಹೋದ ಸಲ ನಡೆದದ್ದೂ ಇದೇ ಎಂದು ಹೇಳಿದೆ, ಕೈ ಕಟ್ಟಿಕೋ ಎಂದು ನಾನು ಕಲಿಸಿದ್ದನ್ನೂ ಮುಚ್ಚಿಡಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಅವರು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮೊದಲು ಬರೆದಿದ್ದನ್ನೆಲ್ಲ ಓದಿ ಕೆಳಗೆ ಸಹಿ ಮಾಡಿದರು. ಆಮೇಲೆ ಜೋಡಿಯಿಲ್ಲದ ಎರಡು ಮಣಿಗಳಲ್ಲಿ ಒಂದನ್ನು ತೆಗೆದು ಹುಡುಗಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಇದು ಸ್ಕೂಲಿನ ಮಣಿ. ಕಳೀಬೇಡ. ಜೂನ್‌ನಲ್ಲಿ ಯೂನಿಫಾರ್ಮ್ ಹಾಕ್ಕೊಂಡು ಬಂದು ನನ್ನ ಕೈಗೇ ಕೊಡ್ಬೇಕು."

ಹೊರಗೆ ಬಂದಾಗ ತಾಯಿ ಎದ್ದು ನಿಂತಿದ್ದಳು. ಕೇಳುವುದಕ್ಕೂ ಧೈರ್ಯವಿಲ್ಲದೆ ನನ್ನ ಮುಖವನ್ನೇ ನೋಡಿದಳು. "ಸೀಟು ಸಿಕ್ತಮ್ಮ" ಎಂದೆ. ನಂಬಲಿಲ್ಲ. ಮಗಳು ಮುಷ್ಟಿ ಬಿಚ್ಚಿ ಮಣಿ ತೋರಿಸಿ, ಜೂನ್‌ನಲ್ಲಿ ಮಿಸ್ಸಿಗೆ ವಾಪಸ್ ಕೊಡಬೇಕಂತೆ ಎಂದು ಹೇಳಿದ ಮೇಲೆ ಬೆಂಚಿನ ಮೇಲೆ ಕುಸಿದು ಕುಳಿತು ಅತ್ತಳು. ಅತ್ತು, ಮುಖ ಒರೆಸಿಕೊಂಡು, ಮಣಿಯನ್ನು ಮಗಳ ಕೈಯಿಂದ ತೆಗೆದುಕೊಂಡು, ಮದುವೆಗೆ ಉಡುವ ಆ ಸೀರೆಯ ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿದಳು. ಒಂದು ಗಂಟು ಸಾಲದೆನಿಸಿ ಅದರ ಮೇಲೆ ಇನ್ನೊಂದು ಹಾಕಿ, ಹಲ್ಲಿನಲ್ಲಿ ಕಚ್ಚಿ ಬಿಗಿದಳು.